ಗಿಡ್ಡೇನಹಳ್ಳಿಯ ಕಲ್ಲುಕ್ವಾರಿ: ಊರ ಪಕ್ಕಕ್ಕೆ ಬಂದ ಸ್ಮಶಾನ

ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಗಿಡ್ಡೇನಹಳ್ಳಿಯ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು 2021ರಲ್ಲಿ, ಕೋವಿಡ್ ಎರಡನೆಯ ಅಲೆಯ ಕಾಲದಲ್ಲಿ, ಇಲ್ಲಿನ ಕಲ್ಲುಕ್ವಾರಿಯೊಂದು ಬಯಲು ಚಿತಾಗಾರವಾದ ಮೇಲೆ. ಬಯಲು ಚಿತಾಗಾರವೆಂದರೆ ವಿದ್ಯುತ್ ಅಥವಾ ಅನಿಲದ ಕುಲುಮೆಯಾಗಲಿ, ಹೊಗೆಯನ್ನು ಎತ್ತರಕ್ಕೊಯ್ಯುವ ಚಿಮಣಿಯಾಗಲಿ ಇಲ್ಲದೆ, ತೆರೆದ ನೆಲದ ಮೇಲೆ ಸೌದೆಯ ಚಿತೆಗಳನ್ನು ಸಾಲಾಗಿ ಒಟ್ಟಿ ದಹನ ನಡೆಸುವ ತಾಣ.

ಆ ಏಪ್ರಿಲ್ ಕೊನೆಯ ಹೊತ್ತಿಗೆ ನಗರದಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ಸಾವುಗಳು ದಾಖಲಾಗತೊಡಗಿ, ಸುಮನಹಳ್ಳಿ, ಮೇಡಿ ಅಗ್ರಹಾರ, ಪಣತ್ತೂರು ಮುಂತಾದ ಕಡೆಯ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತವು. ಸರ್ಕಾರವು ಸ್ವಂತ ಜಮೀನು ಮತ್ತು ತೋಟಗಳಲ್ಲಿ ಅಂತ್ಯಕ್ರಿಯೆಗೆ ಅನುಮತಿ ನೀಡಿತಲ್ಲದೆ, ತಾವರೆಕೆರೆ ಮತ್ತು ಗಿಡ್ಡೇನಹಳ್ಳಿಗಳಲ್ಲಿ ತಾತ್ಕಾಲಿಕ ವ್ಯವಸ್ಥೆಯನ್ನೂ ಮಾಡಿತು.

ಕ್ವಾರಿಯನ್ನು ಆರಿಸಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ಕಲ್ಲು ತೆಗೆದ ಹಳ್ಳವು ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ, ಬಂಡೆಯ ಗೋಡೆಗಳು ಬೆಂಕಿಯನ್ನು ಹೊಲಕ್ಕೆ ಹಬ್ಬಗೊಡುವುದಿಲ್ಲ, ಒಮ್ಮೆಗೆ ಹಲವು ಚಿತೆಗಳಿಗೆ ಎಡೆ ದೊರೆಯುತ್ತದೆ. ಆದರೆ ಬಂಡೆ ತಡೆಯುವುದು ಕಿಡಿಯನ್ನೇ ಹೊರತು ಹೊಗೆಯನ್ನಲ್ಲ. ಸ್ಮಶಾನದ ನೆರೆಯಲ್ಲಿ ವಾಸಿಸುವವರ ಆಕ್ಷೇಪಗಳಲ್ಲಿ ಗಾಳಿ ತಿರುಗಿದಾಗ ಮನೆಯೊಳಕ್ಕೆ ಬರುವ ವಾಸನೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುವ ಬೂದಿ, ಕೊಳವೆಬಾವಿಯ ನೀರಿನ ಬಗೆಗಿನ ಆತಂಕ ಇವು ಮೊದಲಿಗೆ ಬರುತ್ತವೆ. ಇವನ್ನು ಮೂಢನಂಬಿಕೆ ಅಥವಾ ಹೃದಯಹೀನತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ನಗರದೊಳಗೆ ಜಾಗ ಸಾಲದೆ ಹೋದಾಗ ಅದರ ಭಾರವನ್ನು ಹೊತ್ತವರು ಆ ಕೊರತೆಗೆ ಕಾರಣರಲ್ಲದ ಹಳ್ಳಿಯವರು.

ಈ ವಿವಾದದಲ್ಲಿ ಆಡಳಿತದವರೂ ಊರವರೂ ಮರೆಯುವುದು ಅಲ್ಲಿ ದುಡಿಯುವವರನ್ನು. ತೆರೆದ ಚಿತೆಯ ಕೆಲಸವು ಬೆಂಕಿ ಹಚ್ಚಿದೊಡನೆ ಮುಗಿಯುವುದಿಲ್ಲ: ದಪ್ಪ ಕೊರಡುಗಳನ್ನು ಅಡಿಗೆ ಹಾಸಿ, ಗಾಳಿಯಾಡಲು ಸಂದು ಬಿಟ್ಟು, ಮೇಲೆ ಸೀಳಿದ ಸೌದೆ ಜೋಡಿಸಬೇಕು, ಉರಿ ಕುಗ್ಗಿದಾಗ ಗಳುವಿನಿಂದ ಕೊಳ್ಳಿಗಳನ್ನು ಒಳಕ್ಕೆ ದೂಡಬೇಕು, ಬೆಂಕಿ ಆರಿದ ಮೇಲೆ ಅಸ್ಥಿಯನ್ನು ಆಯ್ದು ಮಡಕೆಗೆ ತುಂಬಿ, ಒಂದರ ಬೂದಿ ಇನ್ನೊಂದರೊಡನೆ ಬೆರೆಯದಂತೆ ಹೆಸರಿನ ಚೀಟಿ ಅಂಟಿಸಿಡಬೇಕು. ಆ ವರ್ಷ ಪಿಪಿಇ ಕಿಟ್, ಅಂದರೆ ಮೈಮುಚ್ಚುವ ಪ್ಲಾಸ್ಟಿಕ್ ಉಡುಪು ತೊಟ್ಟು, ಚಿತೆಯ ಝಳದ ಎದುರು ಇಷ್ಟನ್ನೂ ಮಾಡಬೇಕಾಯಿತು. ವಾರಸುದಾರರು ಒಯ್ಯದೆ ನಗರದ ಚಿತಾಗಾರಗಳಲ್ಲಿ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್‌ನಲ್ಲಿ ಅಂದಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿದರು. 2022ರಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಸ್ಮಶಾನ ಕಾರ್ಮಿಕರಿಗೆ ‘ಸತ್ಯ ಹರಿಶ್ಚಂದ್ರ ಬಳಗ’ ಎಂಬ ಹೆಸರನ್ನು ಘೋಷಿಸಿದರು. ಹೆಸರು ಗೌರವದ್ದೇ; ಅದರ ಜೊತೆಗೆ ಸಕಾಲದ ಸಂಬಳ, ಕೈಗವಸು, ಸ್ನಾನಕ್ಕೆ ನೀರು ಪ್ರತಿ ಸ್ಮಶಾನದಲ್ಲೂ ದೊರೆಯಬೇಕು.

ಸ್ಮಶಾನ ಯಾರ ಹೊಣೆ ಎಂಬುದರಲ್ಲಿ ಗೊಂದಲವಿಲ್ಲ: ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯು ಸ್ಮಶಾನವನ್ನು ರಾಜ್ಯದ ವಿಷಯವೆಂದೂ, ಹನ್ನೆರಡನೆಯ ಅನುಸೂಚಿಯು ಅದನ್ನು ನಗರಾಡಳಿತಗಳಿಗೆ ವಹಿಸಬಹುದಾದ ಹೊಣೆಯೆಂದೂ ಹೇಳುತ್ತವೆ. ಸ್ಮಶಾನವಿಲ್ಲದ ಗ್ರಾಮಗಳಿಗೆ ಜಾಗ ಒದಗಿಸುವಂತೆ ಕರ್ನಾಟಕ ಹೈಕೋರ್ಟ್ 2019ರಲ್ಲಿಯೇ ಸರ್ಕಾರಕ್ಕೆ ಸೂಚಿಸಿತ್ತು.

ಸ್ಮಶಾನವೇ ಬೇಡ ಎನ್ನುವ ಊರು ಯಾವುದೂ ಇಲ್ಲ. ಕೇಳದೆ, ತಿಳಿಸದೆ, ತುರ್ತಿನ ಹೆಸರಿನಲ್ಲಿ ತಂದಿಟ್ಟಾಗ ಜಗಳ ಹುಟ್ಟುತ್ತದೆ. ಆದ್ದರಿಂದ ಹೊಸ ಬಡಾವಣೆಯ ನಕ್ಷೆಯಲ್ಲಿ ಶಾಲೆ, ಉದ್ಯಾನಗಳಿಗೆ ಜಾಗ ಬಿಡುವಂತೆಯೇ ಸ್ಮಶಾನಕ್ಕೂ, ಅದರ ಸುತ್ತಲಿನ ಮರಗಳ ಪಟ್ಟಿಗೂ ನಿವೇಶನಗಳ ಮಾರಾಟಕ್ಕೆ ಮುನ್ನವೇ ನೆಲ ಗುರುತಿಸಬೇಕು. ಹಳ್ಳಿಯ ಜಾಗ ಬೇಕಾದಲ್ಲಿ ಮೊದಲು ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು.