ಅಮೆರಿಕದಲ್ಲಿ ಗಂಡ ಹೊಡೆದ್ರೆ, ಅಂಗಡೀಲಿ ದರೋಡೆ ಆದ್ರೆ ‘ವೀಸಾ ಹೋಗುತ್ತೆ’ ಅಂತ ಸುಮ್ಮನಿರಬೇಕಾ? ಇಲ್ಲಿದೆ ಮಾಹಿತಿ

ಮಗಳನ್ನು ಅಮೆರಿಕಕ್ಕೆ ಮದುವೆ ಮಾಡಿ ಕಳಿಸಿದ ಮನೆಗಳು ನಮ್ಮ ತಾಲೂಕುಗಳಲ್ಲೂ ಇವೆ. ಅಲ್ಲಿ ಗಂಡ ಹೊಡೆದರೂ ಮಗಳು ಪೊಲೀಸರಿಗೆ ಹೇಳಲ್ಲ. ಕಾರಣ ಒಂದೇ: ‘ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ’ ಅನ್ನೋ ಬೆದರಿಕೆ. ಈ ಭಯಕ್ಕೆ ಉತ್ತರವಾಗಿಯೇ ಅಮೆರಿಕ 2000ದಲ್ಲಿ ಒಂದು ಕಾನೂನು ತಂದಿದೆ. ಅದರಡಿ ಸಿಗೋದೇ ‘ಯು ವೀಸಾ’.

ಏನಿದು ಯು ವೀಸಾ?
ಅಮೆರಿಕದಲ್ಲಿ ಗಂಭೀರ ಅಪರಾಧಕ್ಕೆ ಬಲಿಯಾಗಿ, ದೈಹಿಕವಾಗಿ ಅಥವಾ ಮಾನಸಿಕವಾಗಿ ತೀವ್ರ ತೊಂದರೆ ಅನುಭವಿಸಿ, ತನಿಖೆಗೆ ಸಹಕರಿಸುವ ವಿದೇಶಿಯರಿಗೆ ಇದು ಸಿಗುತ್ತೆ. ಕೌಟುಂಬಿಕ ದೌರ್ಜನ್ಯ, ಅತ್ಯಾಚಾರ, ಅಪಹರಣ, ಸುಲಿಗೆ, ಮಾರಣಾಂತಿಕ ಹಲ್ಲೆ ಪಟ್ಟಿಯಲ್ಲಿವೆ. ವೀಸಾ ಅವಧಿ ಮುಗಿದವರೂ ಅರ್ಜಿ ಹಾಕಬಹುದು. ಆರೋಪಿಗೆ ಶಿಕ್ಷೆ ಆಗಲೇಬೇಕು ಅಂತೇನಿಲ್ಲ.

ಅರ್ಜಿ ಹೇಗೆ?
* ಐ-918 ಎಂಬ ಫಾರ್ಮ್ ಹಾಕಬೇಕು. ಇದಕ್ಕೆ ಶುಲ್ಕ ಇಲ್ಲ.
* ‘ಇವರು ಸಹಕರಿಸಿದ್ದಾರೆ’ ಅಂತ ಪೊಲೀಸ್, ಪ್ರಾಸಿಕ್ಯೂಟರ್ ಅಥವಾ ನ್ಯಾಯಾಧೀಶರು ಸಹಿ ಹಾಕಿದ ಪತ್ರ ಬೇಕು. ಸಹಿಯಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು.
* ವೀಸಾ ಸಿಕ್ಕರೆ 4 ವರ್ಷ ಇರಬಹುದು, ಕೆಲಸ ಮಾಡಬಹುದು. 3 ವರ್ಷದ ನಂತರ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು.

ಇದೂ ಗೊತ್ತಿರಲಿ
ವರ್ಷಕ್ಕೆ ಕೊಡೋದು 10,000 ಯು ವೀಸಾ ಮಾತ್ರ. ಹಾಗಾಗಿ ವರ್ಷಗಟ್ಟಲೆ ಕಾಯಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಗಡೀಪಾರಿನಿಂದ ಪೂರ್ತಿ ರಕ್ಷಣೆ ಸಿಕ್ಕಂತಲ್ಲ. ಆದ್ದರಿಂದ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು.

ಗಂಡ ಅಮೆರಿಕದ ಪ್ರಜೆಯಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಹೊಂದಿದ್ದರೆ ಹೆಂಡತಿಗೆ ‘ವಾವಾ’ ಕಾನೂನಿನ ಬೇರೆ ದಾರಿ ಇದೆ. ಅದರಲ್ಲಿ ಗಂಡನಿಗೆ ತಿಳಿಯದಂತೆಯೇ ಅರ್ಜಿ ಹಾಕಬಹುದು. ಗಂಡನ ಎಚ್-1ಬಿ ಮೇಲೆ ಎಚ್-4ನಲ್ಲಿ ಹೋದವರಿಗೆ ಈ ದಾರಿ ಇಲ್ಲ, ಅವರು ಯು ವೀಸಾ ಬಗ್ಗೆ ವಿಚಾರಿಸಬೇಕು. ಕೆಲಸದ ಆಸೆ ತೋರಿಸಿ ಕರೆದೊಯ್ದು ಬಲವಂತವಾಗಿ ದುಡಿಸಿಕೊಂಡಿದ್ದರೆ ‘ಟಿ ವೀಸಾ’ ಇದೆ.

ಅಂಗಡಿ ಕೆಲಸಕ್ಕೆ ಹೋದವರೇ, ಹುಷಾರ್!
ಯು ವೀಸಾ ಆಸೆಗೆ ಅಂಗಡಿ ದರೋಡೆಯ ನಾಟಕ ಆಡಿಸಿದ ಜಾಲವೊಂದು ಮ್ಯಾಸಚೂಸೆಟ್ಸ್‌ನಲ್ಲಿ ಸಿಕ್ಕಿಬಿದ್ದಿದೆ. ಒಬ್ಬ ‘ಸಂತ್ರಸ್ತ’ ಇದಕ್ಕಾಗಿ 20,000 ಡಾಲರ್ ಕೊಟ್ಟಿದ್ದ ಅಂತ ಪ್ರಾಸಿಕ್ಯೂಷನ್ ಹೇಳಿದೆ. ದುಡ್ಡೂ ಹೋಯ್ತು, ಕೇಸೂ ಬಿತ್ತು. ‘ದುಡ್ಡು ಕೊಡಿ, ಯು ವೀಸಾ ಮಾಡಿಸ್ತೀವಿ’ ಅನ್ನೋ ಏಜೆಂಟರನ್ನು ನಂಬಬೇಡಿ. ಇಂಥ ನಾಟಕದಿಂದ ನಿಜವಾಗಿ ಪೆಟ್ಟು ತಿಂದವರ ಮಾತನ್ನೂ ಅನುಮಾನದಿಂದ ನೋಡುವಂತಾಗುತ್ತೆ.

ಊರಲ್ಲಿರುವ ಹೆತ್ತವರು ಏನು ಮಾಡಬೇಕು?
* ಮಗಳ ಪಾಸ್‌ಪೋರ್ಟ್, ವೀಸಾ, ಮದುವೆ ಪ್ರಮಾಣಪತ್ರದ ಪ್ರತಿ ನಿಮ್ಮ ಹತ್ತಿರ ಇರಲಿ.
* ಆಕೆ ಕಳಿಸಿದ ಫೋಟೋ, ವಾಟ್ಸ್ಆ್ಯಪ್ ಮೆಸೇಜ್ ಡಿಲೀಟ್ ಮಾಡಬೇಡಿ. ನಾಳೆ ಅವೇ ಸಾಕ್ಷಿ.
* ಪ್ರಾಣಾಪಾಯ ಇದ್ದರೆ ಆಕೆ 911ಕ್ಕೆ ಕರೆ ಮಾಡಲಿ. ಕೌಟುಂಬಿಕ ದೌರ್ಜನ್ಯದ ಅಮೆರಿಕ ಸಹಾಯವಾಣಿ: 1-800-799-7233.
* ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ನೀವು ಇಲ್ಲಿಂದಲೇ ದೂರು ಕೊಡಬಹುದು.

‘ಹೊಂದಿಕೊಂಡು ಹೋಗಮ್ಮಾ’ ಅನ್ನೋ ಮೊದಲು ಈ ನಂಬರ್ ಆಕೆಗೆ ಕಳಿಸಿ.