ಆದ್ಯಾನಾ, ಆಧ್ಯಾನಾ?

ಮಗಳಿಗೆ ಆದ್ಯಾ ಅಂತ ಹೆಸರಿಡೋರು ಈಗ ಬಹಳ ಮಂದಿ. ಸಂಸ್ಕೃತದ ‘ಆದಿ’ಯಿಂದ ‘ಆದ್ಯ’ ಬಂತು, ಅದರ ಸ್ತ್ರೀಲಿಂಗ ಆದ್ಯಾ. ಅಂದ್ರೆ ಮೊದಲನೆಯವಳು, ಆದಿಶಕ್ತಿ.

ಹಾಗಾದ್ರೆ ಮಹಾಪ್ರಾಣದ ‘ಆಧ್ಯಾ’? ಇಂಗ್ಲಿಷ್ ಸ್ಪೆಲಿಂಗ್ ನೋಡಿ. ಚೆನ್ನೈ, ಹೈದರಾಬಾದ್ ಕಡೆ ‘ದ’ಕ್ಕೆ ‘ಡಿ-ಎಚ್’ ಹಾಕೋದು ರೂಢಿ. ಬರೀ ‘ಡಿ’ ಹಾಕಿದ್ರೆ ‘ಡ’ ಅಂತ ಓದಿಬಿಡ್ತಾರೆ. ಅದೇ ‘ಡಿ-ಎಚ್’ ಪುಣೆ, ದೆಹಲಿಯಲ್ಲಿ ‘ಧ’ ಆಗುತ್ತೆ. ಅಲ್ಲಿಂದ ದೇವನಾಗರಿಗೋ ಕನ್ನಡಕ್ಕೋ ಬರೆದಾಗ ಹೆಸರು ಆಧ್ಯಾ ಆಗಿ, ‘ಆದಿ’ ಅನ್ನೋ ಬೇರೇ ಕಾಣಲ್ಲ.

ಕೆಲಸಕ್ಕಾಗಿ ಊರು ಬದಲಿಸೋ ನಮಗೆ ಇದು ಮುಖ್ಯ. ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಇಂಗ್ಲಿಷ್ ಸ್ಪೆಲಿಂಗ್ ಇರಲಿ. ಕನ್ನಡದಲ್ಲಿ ಮಾತ್ರ ಮಗಳಿಗೆ ಅಲ್ಪಪ್ರಾಣದ ‘ಆದ್ಯಾ’ನೇ ಕಲಿಸಿ.