ಕಲ್ಲು ಕೊರೆಯುವ ಹಿಮ

ಮಂಜುಗಡ್ಡೆ ಕಲ್ಲಿಗಿಂತ ಮೆದು. ಆದರೂ ಹಿಮಾಲಯದ ಎತ್ತರದ ಕಣಿವೆಗಳಿಗೆ ಇಂದಿನ ಆಕಾರ ಕೊಟ್ಟದ್ದರಲ್ಲಿ ಅದರ ಪಾಲು ದೊಡ್ಡದು. ಇದು ಹೇಗೆ ಸಾಧ್ಯ?

ವರ್ಷ ವರ್ಷವೂ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಜರುಗತೊಡಗಿದರೆ ಅದೇ ಹಿಮನದಿ. ಅದರ ಅಡಿಯಲ್ಲಿ ಕರಗಿದ ನೀರು ಬಂಡೆಯ ಬಿರುಕಿಗಿಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಹಾಗೆ ಅಂಟಿಕೊಂಡ ಕಲ್ಲನ್ನು ಜರುಗುವ ಹಿಮ ಕಿತ್ತುಕೊಂಡೇ ಸಾಗುತ್ತದೆ. ತಳದಲ್ಲಿ ಸಿಕ್ಕಿದ ಈ ಕಲ್ಲುಗಳು ಬಡಗಿಯ ಉಪ್ಪುಕಾಗದದಂತೆ ಕೆಳಗಿನ ಬಂಡೆಯನ್ನು ತೇಯುತ್ತವೆ. ಬಂಡೆಯ ಮೇಲೆ ಉಳಿಯುವ ಉದ್ದನೆಯ ಗೀರುಗಳು ಹಿಮ ಸರಿದ ಜಾಡನ್ನು ಹೇಳುತ್ತವೆ. ತೇಯ್ದ ಕಲ್ಲಿನ ಹಿಟ್ಟು ಬೆರೆತು, ಹಿಮನದಿಯಿಂದ ಹೊರಡುವ ನೀರು ಹಾಲಿನಂತೆ ಕಾಣುತ್ತದೆ. ನದಿ ಕೊರೆದ ಕಣಿವೆ ಇಂಗ್ಲಿಷಿನ ‘ವಿ’ ಅಕ್ಷರದಂತಿದ್ದರೆ, ಹಿಮನದಿಯದು ‘ಯು’.

ಕಿತ್ತು ತಂದ ಕಲ್ಲುಮಣ್ಣನ್ನು ಹಿಮನದಿ ಅಂಚಿನಲ್ಲಿ ದಿಬ್ಬವಾಗಿ ಬಿಡುತ್ತದೆ. ಕೇದಾರನಾಥ ದೇಗುಲ ನಿಂತಿರುವುದು ಹಿಂದೆ ಹಿಮನದಿಗಳು ಬಿಟ್ಟುಹೋದ ಇಂಥ ರಾಶಿಯ ಮೇಲೆಯೇ. ಮೇಲ್ಗಡೆ, ಚೋರಾಬಾರಿ ಹಿಮನದಿಯ ಪಕ್ಕದ ದಿಬ್ಬವೇ ಒಂದು ಕೆರೆಗೆ ಏರಿಯಾಗಿತ್ತು. ನಮ್ಮೂರ ಕೆರೆ ಏರಿಯಂತೆ ಅದು ಯಾರೋ ಗಟ್ಟಿಸಿ ಕಟ್ಟಿದ್ದಲ್ಲ. ಬರೀ ಸಡಿಲ ಕಲ್ಲುಮಣ್ಣು. 2013ರ ಜೂನ್ 17ರ ಬೆಳಿಗ್ಗೆ, ಭಾರಿ ಮಳೆಗೆ ತುಂಬಿದ ಕೆರೆ ಏರಿಯೊಡೆದು ನುಗ್ಗಿತು. ದೇಗುಲ ಉಳಿಯಿತು, ಸುತ್ತಲಿನ ಊರು ಬಹುಪಾಲು ಕೊಚ್ಚಿಹೋಯಿತು. ಆ ವರ್ಷ ಉತ್ತರಾಖಂಡದ ಪ್ರವಾಹಕ್ಕೆ ಸಾವಿರಾರು ಮಂದಿ ಬಲಿಯಾದರು.

ಹಿಮನದಿಗಳು ಕರಗಿ ಹಿಂದೆ ಸರಿದಂತೆಲ್ಲ ಇಂಥ ದಿಬ್ಬಗಳ ಹಿಂದೆ ಹೊಸ ಕೆರೆಗಳು ಹುಟ್ಟುತ್ತಿವೆ. ಹಿಮಾಲಯದಲ್ಲಿ ಮನೆ, ರಸ್ತೆ ಕಟ್ಟುವವರು ಮೊದಲು ನೋಡಬೇಕಾದದ್ದು ಇಷ್ಟೇ: ಕಾಲ ಕೆಳಗಿರುವುದು ಬಂಡೆಯೋ, ಹಿಮನದಿ ಬಿಟ್ಟುಹೋದ ರಾಶಿಯೋ?